ಜಾಗ ತಿನ್ನದ ಡೇಟಾಬೇಸ್ ನಕಲು: ಪೋಸ್ಟ್‌ಗ್ರೆಸ್, ಝಡ್‌ಎಫ್‌ಎಸ್ ಮತ್ತು ನನ್ನ ಅನುಭವ

ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ಖರೀದಿ ಲೆಕ್ಕದ ಡೇಟಾಬೇಸ್ ಇದು. ಓಡುವುದು ಪೋಸ್ಟ್‌ಗ್ರೆಸ್ 15 ಎಂಬ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ, ಗಾತ್ರ ಸುಮಾರು 140 ಜಿಬಿ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕೋಕ, ಕರಿಗೋಟು ಎಂದು ದರ್ಜೆವಾರು ಬಿಲ್ಲು, ಸದಸ್ಯರ ಖಾತೆ, ಹಲವು ವರ್ಷಗಳ ದರಪಟ್ಟಿ ಎಲ್ಲ ಅದರೊಳಗಿದೆ. ಇಂಥ ಕಡೆ ಒಂದು ಕಾಲಂ ಸೇರಿಸುವುದಿದ್ದರೂ ಅಷ್ಟೇ ಗಾತ್ರದ ಡೇಟಾದ ಮೇಲೆ ಓಡಿಸಿ ನೋಡಲೇಬೇಕು. ನೂರು ಸಾಲಿನ ಪರೀಕ್ಷಾ ಟೇಬಲ್ಲಿನಲ್ಲಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುವ ಆಲ್ಟರ್ ಟೇಬಲ್ (ಟೇಬಲ್ಲಿನ ರಚನೆ ಬದಲಿಸುವ ಆದೇಶ), ನಿಜವಾದ ಬಿಲ್ಲಿನ ಟೇಬಲ್ಲನ್ನು ಅರ್ಧ ಗಂಟೆ ಲಾಕ್ ಮಾಡಿ ಕೂರಬಹುದು. ಆದರೆ ಕೆಲಸ ಮಾಡುವ ಐದು ಮಂದಿಗೂ ಪೂರ್ತಿ ನಕಲು (ಡಂಪ್) ತೆಗೆದು, ಮತ್ತೆ ತುಂಬಿ (ರಿಸ್ಟೋರ್) ಕೊಟ್ಟರೆ 700 ಜಿಬಿ ಬೇಕು, ಒಂದೊಂದಕ್ಕೂ ಗಂಟೆಗಟ್ಟಲೆ ಕಾಯಬೇಕು. ಸ್ನ್ಯಾಪ್‌ಶಾಟ್ ಕ್ಲೋನ್ ಹಿಡಿದದ್ದು ಇದಕ್ಕೇ.

ಝಡ್‌ಎಫ್‌ಎಸ್ ಎಂಬುದು ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ವ್ಯವಸ್ಥೆ, ಎಂದರೆ ಫೈಲ್ ಸಿಸ್ಟಂ. ಅದು ಮೊದಲೇ ಇರುವ ಬರಹದ ಮೇಲೆ ತಿದ್ದಿ ಬರೆಯುವುದಿಲ್ಲ. ಬದಲಾದ ಬ್ಲಾಕನ್ನು ಬೇರೆ ಜಾಗದಲ್ಲಿ ಬರೆದು, ಸೂಚಿಯಲ್ಲಿ ಪುಟಸಂಖ್ಯೆಯನ್ನು ಮಾತ್ರ ಬದಲಿಸುತ್ತದೆ. ಸ್ನ್ಯಾಪ್‌ಶಾಟ್ ಎಂದರೆ ಆ ಹೊತ್ತಿನ ಸೂಚಿಯನ್ನು ಹಾಗೇ ಕಾದಿಡುವುದು. ಆ ಸೂಚಿಯಿಂದ ಹೊರಡುವ, ಬರೆಯಲು ಬರುವ ಇನ್ನೊಂದು ಕವಲು ಕ್ಲೋನ್. ಎರಡಕ್ಕೂ ಒಂದು ಸೆಕೆಂಡು ಸಾಕು, ಹುಟ್ಟಿದ ಗಳಿಗೆಯಲ್ಲಿ ಕ್ಲೋನ್ ಹಿಡಿಯುವ ಜಾಗ ಇಲ್ಲವೆನ್ನುವಷ್ಟು ಕಡಿಮೆ.

ದಿನದ ಕೆಲಸ ನಡೆಯುವ ಪ್ರೈಮರಿ ಸರ್ವರ್ ಎಕ್ಸ್‌ಟಿ4 ಎಂಬ ಬೇರೆ ಫೈಲ್ ಸಿಸ್ಟಂ ಮೇಲಿದೆ, ಅದನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಇನ್ನೊಂದು ಯಂತ್ರಕ್ಕೆ ಝಡ್‌ಎಫ್‌ಎಸ್ ಹಾಕಿ, ಸ್ಟ್ರೀಮಿಂಗ್ ರೆಪ್ಲಿಕೇಶನ್‌ನ ಸ್ಟ್ಯಾಂಡ್‌ಬೈ ಆಗಿ, ಎಂದರೆ ಪ್ರೈಮರಿಯ ಬದಲಾವಣೆಗಳನ್ನು ಆಗಿಂದಾಗ ಪಡೆಯುವ ಪ್ರತಿಯಾಗಿ ನಿಲ್ಲಿಸಿದೆ. ಸ್ನ್ಯಾಪ್‌ಶಾಟ್ ತೆಗೆಯುವುದು ಈ ಸ್ಟ್ಯಾಂಡ್‌ಬೈಯಿಂದ. ಖರೀದಿ ಕೌಂಟರಿನಲ್ಲಿ ಬಿಲ್ಲು ಹೊಡೆಯುವವರಿಗೆ ಇದರ ಗಾಳಿಯೂ ತಾಗುವುದಿಲ್ಲ. ಸಣ್ಣ ಕಚೇರಿಗಳಿಗೆ ನಾನು ಹೇಳುವುದು ಈ ದಾರಿಯನ್ನೇ.

ಡೇಟಾ ತುಂಬುವ ಮೊದಲು ತೀರ್ಮಾನಿಸಬೇಕಾದದ್ದು ರೆಕಾರ್ಡ್‌ಸೈಜ್, ಎಂದರೆ ಝಡ್‌ಎಫ್‌ಎಸ್ ಒಮ್ಮೆಗೆ ಬರೆಯುವ ತುಂಡಿನ ಗಾತ್ರ. ಪೋಸ್ಟ್‌ಗ್ರೆಸ್ ಪುಟ 8 ಕೆಬಿ, ಝಡ್‌ಎಫ್‌ಎಸ್‌ನ ಮಾಮೂಲಿ ರೆಕಾರ್ಡ್ 128 ಕೆಬಿ. ಹಾಗೇ ಬಿಟ್ಟರೆ ಕ್ಲೋನಿನಲ್ಲಿ ಒಂದು ಪುಟ ಬದಲಾದರೂ 128 ಕೆಬಿ ರೆಕಾರ್ಡು ಪೂರ್ತಿ ಹೊಸದಾಗಿ ಬರೆಯಲ್ಪಡುತ್ತದೆ. ಅಂದರೆ ಚದುರಿದ ಅಪ್‌ಡೇಟ್‌ಗಳಲ್ಲಿ ಬೇಕಾದದ್ದರ 16 ಪಟ್ಟು ಜಾಗ. ಹಾಗಾದರೆ ನೇರ 8 ಕೆಬಿಯೇ ಇಡೋಣ ಎಂದರೆ ಕಂಪ್ರೆಶನ್ನಿನ ಲಾಭ ಹೋಗುತ್ತದೆ. ಈಗಿನ ಡಿಸ್ಕುಗಳಿಗೆ ಆಶಿಫ್ಟ್ 12 ಇಡುತ್ತೇವೆ, ಎಂದರೆ 4 ಕೆಬಿಯ ತುಣುಕು. 8 ಕೆಬಿ ರೆಕಾರ್ಡು ಅರ್ಧಕ್ಕೆ ಇಳಿದರೆ ಮಾತ್ರ ಲಾಭ, 5 ಕೆಬಿಗೆ ಇಳಿದರೂ ಡಿಸ್ಕಿನಲ್ಲಿ 8 ಕೆಬಿಯೇ. 16 ಕೆಬಿ ಇಟ್ಟರೆ 12, 8, 4 ಎಂದು ಇಳಿಯಲು ಮೆಟ್ಟಿಲುಗಳಿವೆ. ನಾನಿಟ್ಟದ್ದು 16 ಕೆಬಿ, ಕಂಪ್ರೆಶನ್ ಎಲ್‌ಝಡ್4, ಎಟೈಮ್ (ಫೈಲು ಓದಿದ ಹೊತ್ತನ್ನು ಬರೆದಿಡುವುದು) ಆಫ್. ಮರೆಯಬಾರದ ಮಾತು: ರೆಕಾರ್ಡ್‌ಸೈಜ್ ಬದಲಿಸಿದರೆ ಅದು ಮುಂದೆ ಬರೆಯುವ ಫೈಲುಗಳಿಗೆ ಮಾತ್ರ. ಡೇಟಾ ತುಂಬಿದ ಮೇಲೆ ನೆನಪಾದರೆ ಬೇಸ್ ಬ್ಯಾಕಪ್ (ಪ್ರೈಮರಿಯ ಪೂರ್ತಿ ನಕಲು) ಮತ್ತೊಮ್ಮೆ ತರಬೇಕು.

ಪ್ರತಿ ಬದಲಾವಣೆಯನ್ನೂ ಪೋಸ್ಟ್‌ಗ್ರೆಸ್ ಮೊದಲು ಬರೆದಿಡುವ ದಿನಚರಿ ಡಬ್ಲ್ಯುಎಎಲ್. ಅದರ ಫೋಲ್ಡರನ್ನು ಬೇರೆ ಡೇಟಾಸೆಟ್ಟಿನಲ್ಲಿ (ಝಡ್‌ಎಫ್‌ಎಸ್‌ನೊಳಗಿನ ಬೇರೆ ವಿಭಾಗದಲ್ಲಿ) ಇಡಲು ಹಲವರು ಹೇಳುತ್ತಾರೆ. ಇಟ್ಟರೆ ಎರಡರ ಸ್ನ್ಯಾಪ್‌ಶಾಟೂ ಒಂದೇ ಕ್ಷಣದ್ದಾಗಿರಬೇಕು, ಇಲ್ಲದಿದ್ದರೆ ರಿಕವರಿ (ಡಬ್ಲ್ಯುಎಎಲ್ ಓದಿ ಚೇತರಿಸಿಕೊಳ್ಳುವುದು) ಸರಿಯಾಗಿ ಆಗದು. ಸ್ನ್ಯಾಪ್‌ಶಾಟ್ ಆದೇಶಕ್ಕೆ ರಿಕರ್ಸಿವ್ ಆಯ್ಕೆ ಕೊಟ್ಟರೆ ಕೆಳಗಿನ ಡೇಟಾಸೆಟ್‌ಗಳೆಲ್ಲ ಒಂದೇ ಕ್ಷಣಕ್ಕೆ ಹಿಡಿಯಲ್ಪಡುತ್ತವೆ ನಿಜ. ಆದರೆ ಕ್ಲೋನ್ ಆದೇಶಕ್ಕೆ ಆ ಸೌಲಭ್ಯ ಇಲ್ಲ, ಒಂದೊಂದನ್ನೇ ಮಾಡಬೇಕು. ಕ್ಲೋನಿಗಾಗಿಯೇ ಇರುವ ಯಂತ್ರದಲ್ಲಿ ಎಲ್ಲವೂ ಒಂದೇ ಡೇಟಾಸೆಟ್ಟಿನಲ್ಲಿ ಇರಲಿ.

ಇನ್ನು ಕ್ಲೋನ್ ಮಾಡುವ ಕ್ರಮ. ಸ್ಟ್ಯಾಂಡ್‌ಬೈಯಲ್ಲಿ ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಇಳಿಸುವ ಚೆಕ್‌ಪಾಯಿಂಟ್ ಆದೇಶ ಕೊಟ್ಟು, ತಕ್ಷಣ ಸ್ನ್ಯಾಪ್‌ಶಾಟ್. ಚೆಕ್‌ಪಾಯಿಂಟ್ ಇಲ್ಲದೆಯೂ ನಡೆಯುತ್ತದೆ, ಕರೆಂಟು ಹೋದ ಯಂತ್ರ ಎದ್ದು ಬಂದ ಹಾಗೆ ಪೋಸ್ಟ್‌ಗ್ರೆಸ್ ತಾನೇ ರಿಕವರಿ ಮಾಡಿಕೊಳ್ಳುತ್ತದೆ. ಚೆಕ್‌ಪಾಯಿಂಟ್ ಕೊಟ್ಟರೆ ಆ ಕಾಯುವಿಕೆ ಕಡಿಮೆಯಾಗುತ್ತದೆ. ಆಮೇಲೆ ಕ್ಲೋನ್ ತೆಗೆಯುವಾಗಲೇ ಮೌಂಟ್ ಆಗುವ ಜಾಗ ಮತ್ತು ಕೋಟಾ ಎರಡನ್ನೂ ಕೊಡುತ್ತೇನೆ. ಕೊಡಬೇಕಾದದ್ದು ಕೋಟಾ, ರೆಫ್‌ಕೋಟಾ ಅಲ್ಲ. ಕೋಟಾ ಕ್ಲೋನ್ ಹೊಸದಾಗಿ ಬರೆದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ರೆಫ್‌ಕೋಟಾ ಮೂಲದೊಂದಿಗೆ ಹಂಚಿಕೊಂಡ 140 ಜಿಬಿಯನ್ನೂ ಎಣಿಸುತ್ತದೆ, 20 ಜಿಬಿಯ ಮಿತಿ ಇಟ್ಟರೆ ಮೊದಲ ಗಳಿಗೆಯಲ್ಲೇ ದಾಟಿದಂತೆ.

ನಿಜವಾದ ಕೆಲಸ ಇರುವುದು ಇಲ್ಲಿಂದ ಮುಂದೆ. ಕ್ಲೋನ್ ಸ್ಟ್ಯಾಂಡ್‌ಬೈಯ ಡೇಟಾವನ್ನಷ್ಟೇ ಅಲ್ಲ, ಅದರ ಅಭ್ಯಾಸಗಳನ್ನೂ ಹೊತ್ತುಕೊಂಡು ಬರುತ್ತದೆ. ಹಾಗೇ ಎಬ್ಬಿಸಿದರೆ ಅದು ತಾನೇ ಸ್ಟ್ಯಾಂಡ್‌ಬೈ ಎಂದು ತಿಳಿದು ನಡೆಯುತ್ತದೆ.

ಮೊದಲು, ಸರ್ವರ್ ಓಡುತ್ತಿದೆ ಎಂದು ಸೂಚಿಸುವ ಪೋಸ್ಟ್‌ಮಾಸ್ಟರ್ ಪಿಐಡಿ ಫೈಲನ್ನು ಕ್ಲೋನಿನ ಫೋಲ್ಡರಿನಿಂದ ಅಳಿಸಬೇಕು. ಫೋಲ್ಡರಿನ ಹೆಸರು ಎರಡೆರಡು ಬಾರಿ ನೋಡಿ ಅಳಿಸಿ: ಓಡುತ್ತಿರುವ ಸ್ಟ್ಯಾಂಡ್‌ಬೈಯ ಪಿಐಡಿ ಫೈಲು ಅಳಿಸಿದರೆ ಪೋಸ್ಟ್‌ಗ್ರೆಸ್ ಅದನ್ನು ಗಮನಿಸಿ ತಾನೇ ನಿಂತುಬಿಡುತ್ತದೆ.

ಮುಂದಿನದು ಸೆಟ್ಟಿಂಗುಗಳಿರುವ ಆಟೋ ಕಾನ್ಫ್ ಫೈಲು. ಬೇಸ್ ಬ್ಯಾಕಪ್ ತರುವಾಗ ಪ್ರೈಮರಿಯ ವಿಳಾಸವೂ ರೆಪ್ಲಿಕೇಶನ್ ಸ್ಲಾಟಿನ (ಸ್ಟ್ಯಾಂಡ್‌ಬೈ ಎಲ್ಲಿಯವರೆಗೆ ಪಡೆದಿದೆ ಎಂದು ಪ್ರೈಮರಿ ಇಟ್ಟುಕೊಳ್ಳುವ ಗುರುತಿನ) ಹೆಸರೂ ಬರೆಯಲ್ಪಡುವುದು ಇಲ್ಲೇ, ಮತ್ತು ಮುಖ್ಯ ಕಾನ್ಫ್ ಫೈಲಿಗಿಂತ ಇದರ ಮಾತೇ ಮೇಲು. ಮುಖ್ಯ ಫೈಲನ್ನು ತಿದ್ದಿ ಇದನ್ನು ಬಿಟ್ಟರೆ ಕ್ಲೋನ್ ನೇರ ಪ್ರೈಮರಿಯ ಬಾಗಿಲು ತಟ್ಟುತ್ತದೆ. ಸ್ಟ್ಯಾಂಡ್‌ಬೈ ಓಡುತ್ತಿದ್ದರೆ ಸ್ಲಾಟು ಬಳಕೆಯಲ್ಲಿದೆ ಎಂದು ತಿರಸ್ಕಾರ ಸಿಗುತ್ತದೆ, ಅಷ್ಟಕ್ಕೆ ಬಚಾವು. ಆ ಹೊತ್ತಿಗೆ ಸ್ಟ್ಯಾಂಡ್‌ಬೈ ನಿಂತಿದ್ದರೆ ಕ್ಲೋನ್ ಆ ಸ್ಲಾಟನ್ನು ಹಿಡಿದು ಡಬ್ಲ್ಯುಎಎಲ್ ಎಳೆದುಕೊಳ್ಳುತ್ತದೆ, ಸ್ಲಾಟು ಮುಂದೆ ಸರಿಯುತ್ತದೆ, ನಿಜವಾದ ಸ್ಟ್ಯಾಂಡ್‌ಬೈ ಎದ್ದಾಗ ಅದಕ್ಕೆ ಬೇಕಾದ ಫೈಲುಗಳು ಪ್ರೈಮರಿಯಲ್ಲಿ ಇಲ್ಲದೇ ಹೋಗಬಹುದು.

ಡಬ್ಲ್ಯುಎಎಲ್ ಫೈಲುಗಳನ್ನು ಆರ್ಕೈವಿಗೆ (ಕಾದಿಡುವ ಸಂಗ್ರಹಕ್ಕೆ) ಕಳಿಸುವ ಆರ್ಕೈವ್ ಮೋಡ್ ಆಫ್ ಮಾಡುವುದು ಕ್ಲೋನ್ ಎಬ್ಬಿಸುವ ಮೊದಲೇ ಆಗಬೇಕು. ಕ್ಲೋನನ್ನು ಪ್ರಮೋಟ್ ಮಾಡಿದೊಡನೆ, ಎಂದರೆ ಬರೆಯಲು ಬರುವ ಸ್ವತಂತ್ರ ಸರ್ವರ್ ಆಗಿಸಿದೊಡನೆ, ಅದು ಟೈಮ್‌ಲೈನ್ 2 ಎಂಬ ಇತಿಹಾಸದ ಹೊಸ ಕವಲಿಗೆ ಹೋಗುತ್ತದೆ. ಆ ಟೈಮ್‌ಲೈನಿನ ಇತಿಹಾಸದ ಫೈಲು ನಿಜವಾದ ಆರ್ಕೈವಿಗೆ ಹೋಗಿ ಬಿದ್ದರೆ, ಮುಂದೊಂದು ದಿನ ಪ್ರೈಮರಿ ಕೆಟ್ಟು ಸ್ಟ್ಯಾಂಡ್‌ಬೈಯನ್ನು ಪ್ರಮೋಟ್ ಮಾಡಬೇಕಾದಾಗ ಅದೇ ಸಂಖ್ಯೆ ಅಡ್ಡ ಬರುತ್ತದೆ. ಹಾನಿ ಆದದ್ದು ತಿಂಗಳುಗಟ್ಟಲೆ ಗೊತ್ತಾಗದಂಥ ತಪ್ಪು ಇದು.

ಪೋರ್ಟ್ ಬೇರೆ ಇರಲಿ. ಶೇರ್ಡ್ ಬಫರ್ಸ್ (ಪೋಸ್ಟ್‌ಗ್ರೆಸ್‌ನ ಸ್ವಂತ ಕ್ಯಾಶ್ ಮೆಮೊರಿ) 512 ಎಂಬಿ ಸಾಕು, ಹೇಗೂ ಹಂಚಿಕೊಂಡ ಬ್ಲಾಕುಗಳು ಝಡ್‌ಎಫ್‌ಎಸ್‌ನ ಎಆರ್‌ಸಿ ಕ್ಯಾಶಿನಲ್ಲಿ ಒಂದೇ ಪ್ರತಿಯಾಗಿ ಕೂತಿರುತ್ತವೆ. ಮ್ಯಾಕ್ಸ್ ಕನೆಕ್ಷನ್ಸ್ ಮಾತ್ರ ಪ್ರೈಮರಿಯಲ್ಲಿ ಇರುವುದಕ್ಕಿಂತ ಕಡಿಮೆ ಇಡಬೇಡಿ, ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿ ಎಬ್ಬಿಸುವಾಗ ಅದು ಏಳುವುದೇ ಇಲ್ಲ. ಎಫ್‌ಸಿಂಕ್ (ಬರೆದದ್ದು ಡಿಸ್ಕಿಗೆ ತಲುಪುವವರೆಗೆ ಕಾಯುವುದು) ಆಫ್ ಮಾಡಬಹುದು, ಕ್ಲೋನ್ ಹಾಳಾದರೆ ಇನ್ನೊಂದು ತೆಗೆದರಾಯಿತು. ಡಬ್ಲ್ಯುಎಎಲ್ ರಿಸೈಕಲ್ ಮತ್ತು ಡಬ್ಲ್ಯುಎಎಲ್ ಇನಿಟ್ ಝೀರೋ ಎರಡನ್ನೂ ಆಫ್ ಮಾಡಿ. ಝಡ್‌ಎಫ್‌ಎಸ್ ಹೇಗೂ ಬೇರೆ ಜಾಗದಲ್ಲೇ ಬರೆಯುವುದರಿಂದ, ಹಳೆಯ ಫೈಲಿಗೇ ಬರೆದು ಉಳಿತಾಯ ಮಾಡುವ ಆ ಉಪಾಯ ಇಲ್ಲಿ ವ್ಯರ್ಥ. ಮ್ಯಾಕ್ಸ್ ಡಬ್ಲ್ಯುಎಎಲ್ ಸೈಜ್ 1 ಜಿಬಿಯ ಒಳಗಿರಲಿ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಪಿಜಿ ಕ್ರಾನ್ ಇದ್ದರೆ ಶೇರ್ಡ್ ಪ್ರೀಲೋಡ್ ಪಟ್ಟಿಯಿಂದ ತೆಗೆಯಿರಿ, ಬೇರೆ ಸರ್ವರಿನಿಂದ ಡೇಟಾ ಎಳೆಯುವ ಲಾಜಿಕಲ್ ರೆಪ್ಲಿಕೇಶನ್ ವರ್ಕರ್‌ಗಳನ್ನು ಸೊನ್ನೆ ಮಾಡಿ. ಇಷ್ಟಾದ ಮೇಲೆ ಎಬ್ಬಿಸಿ, ಪ್ರಮೋಟ್ ಮಾಡಿ.

ಅಪ್ಲಿಕೇಶನ್ನಿನ ಕಡೆಯಿಂದ ಬರುವ ಅಪಾಯವೂ ಇದೆ. ರೈತರಿಗೆ ಹೋಗಬೇಕಾದ ಎಸ್‌ಎಂಎಸ್‌ಗಳ ಸರದಿಯೂ ಒಂದು ಟೇಬಲ್ಲೇ. ಕ್ಲೋನಿಗೆ ಜೋಡಿಸಿದ ಪರೀಕ್ಷಾ ಪ್ರೋಗ್ರಾಂ ಅದನ್ನು ನೋಡಿ, ನಿನ್ನೆಯ ಕ್ವಿಂಟಾಲಿನ ಲೆಕ್ಕವನ್ನು ಇನ್ನೊಮ್ಮೆ ಜನರ ಫೋನಿಗೆ ಕಳಿಸಿಬಿಡುತ್ತದೆ. ಆ ಟೇಬಲ್ ಖಾಲಿ ಮಾಡುವುದರ ಜೊತೆಗೆ, ಆ ಯಂತ್ರದಿಂದ ಹೊರಗಿನ ನೆಟ್‌ವರ್ಕಿಗೆ ಹೋಗುವ ದಾರಿಯನ್ನು ಫೈರ್‌ವಾಲಿನಲ್ಲೇ ಮುಚ್ಚಿದ್ದೇನೆ. ಒಂದು ತಪ್ಪಿದರೆ ಇನ್ನೊಂದು ಹಿಡಿಯಬೇಕು.

ಫೋನ್ ಸಂಖ್ಯೆ, ಆಧಾರ್, ಬ್ಯಾಂಕ್ ಖಾತೆ ಮರೆಮಾಚುವುದನ್ನು ಪ್ರತಿ ಕ್ಲೋನಿನಲ್ಲೂ ಮಾಡಿದರೆ ಅಪ್‌ಡೇಟ್ ಆದ ಬ್ಲಾಕುಗಳ ಜಾಗವೂ ಅಷ್ಟೇ ಬಾರಿ ಹೋಗುತ್ತದೆ. ಹಾಗಾಗಿ ಒಂದು ಕ್ಲೋನಿನಲ್ಲಿ ಮರೆಮಾಚಿ, ಸತ್ತ ಸಾಲುಗಳನ್ನು ಗುಡಿಸುವ ವ್ಯಾಕ್ಯೂಮ್ ಓಡಿಸಿ, ಸರಿಯಾಗಿ ನಿಲ್ಲಿಸಿ, ಅದರ ಸ್ನ್ಯಾಪ್‌ಶಾಟ್ ತೆಗೆಯುತ್ತೇನೆ. ಐದು ಮಂದಿಯ ಕ್ಲೋನೂ ಹುಟ್ಟುವುದು ಈ ಎರಡನೇ ಸ್ನ್ಯಾಪ್‌ಶಾಟಿನಿಂದ. ವ್ಯಾಕ್ಯೂಮ್ ಓಡಿಸದಿದ್ದರೆ ಹಳೆಯ ಸಂಖ್ಯೆಗಳು ಸತ್ತ ಸಾಲುಗಳಲ್ಲಿ ಪುಟದೊಳಗೇ ಉಳಿದಿರುತ್ತವೆ. ಹಳೆಯ ಡಬ್ಲ್ಯುಎಎಲ್‌ನಲ್ಲೂ ಇರುತ್ತವೆ. ಆದ್ದರಿಂದ ಅವರಿಗೆ ಕೊಡುವುದು ಡೇಟಾಬೇಸ್ ಕನೆಕ್ಷನ್ ಮಾತ್ರ, ಸೂಪರ್‌ಯೂಸರ್ ಅಧಿಕಾರವಾಗಲಿ ಫೈಲುಗಳಾಗಲಿ ಅಲ್ಲ.

ನಮ್ಮ ಗಡಿನಾಡಿಗೆ ವಿಶೇಷವಾದ ತೊಡಕೊಂದನ್ನು ಬಿಡಿಸಿ ಹೇಳಬೇಕು. ಸದಸ್ಯರ ಹೆಸರುಗಳು ಕನ್ನಡದಲ್ಲಿವೆ, ಮಲಯಾಳಂನಲ್ಲಿವೆ, ಇಂಗ್ಲಿಷಿನಲ್ಲೂ ಇವೆ. ಅವುಗಳ ಅಕ್ಷರಾನುಕ್ರಮವನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್ಮಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯಿಂದ ಕೇಳಿ ತಿಳಿಯುತ್ತದೆ. ಜಿಲಿಬ್‌ಸಿ 2.28ರಲ್ಲಿ, 2018ರಲ್ಲಿ, ಈ ಅನುಕ್ರಮ ದೊಡ್ಡ ಮಟ್ಟಿಗೆ ಬದಲಾಯಿತು. ಉಬುಂಟು 18.04ರಲ್ಲಿರುವುದು 2.27, 22.04ರಲ್ಲಿ 2.35. ಪ್ರೈಮರಿ ಹಳೆಯದರಲ್ಲೂ ಸ್ಟ್ಯಾಂಡ್‌ಬೈ ಹೊಸದರಲ್ಲೂ ಇದ್ದರೆ, ಹುಡುಕಾಟಕ್ಕೆಂದು ಇರುವ ಇಂಡೆಕ್ಸ್ ಜೋಡಿಸಿದ ಕ್ರಮ ಒಂದು, ಹುಡುಕುವ ಕ್ರಮ ಇನ್ನೊಂದು. ಆಗ ಟೇಬಲ್ಲಿನಲ್ಲಿ ಕಣ್ಣಿಗೆ ಕಾಣುವ ಸದಸ್ಯ, ಹೆಸರು ಕೊಟ್ಟು ಹುಡುಕಿದರೆ ಇಲ್ಲ ಎಂದು ಬರುತ್ತದೆ. ಯೂನಿಕ್ ಇಂಡೆಕ್ಸ್ ಇದ್ದರೂ ಒಂದೇ ಹೆಸರು ಎರಡು ಸಲ ಸೇರುತ್ತದೆ. ಪೋಸ್ಟ್‌ಗ್ರೆಸ್ 15ರಿಂದ ಕನೆಕ್ಟ್ ಆದಾಗ ಕೊಲೇಶನ್ (ಅಕ್ಷರಾನುಕ್ರಮದ ನಿಯಮ) ಆವೃತ್ತಿ ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಬರುತ್ತದೆ, ಅದನ್ನು ಕಡೆಗಣಿಸಬೇಡಿ. ಕ್ಲೋನಿನಲ್ಲಿ ರೀಇಂಡೆಕ್ಸ್ ಮಾಡಿದರೆ ಸರಿಯಾಗುತ್ತದೆ, ಆದರೆ ಇಂಡೆಕ್ಸುಗಳಷ್ಟೂ ಹೊಸ ಜಾಗ ತಿನ್ನುತ್ತವೆ. ಎರಡೂ ಯಂತ್ರಗಳಲ್ಲಿ ಒಂದೇ ಓಎಸ್ ಆವೃತ್ತಿ ಇಡುವುದೇ ಸರಿಯಾದ ಪರಿಹಾರ. ಬರೀ ಗುರುತಿನ ಸಂಕೇತಗಳಿರುವ ಕಾಲಂಗಳಿಗೆ ಸಿ ಕೊಲೇಶನ್ ಕೊಟ್ಟರೆ ಈ ತೊಂದರೆಯೇ ಇಲ್ಲ. ಹೆಸರುಗಳಿಗೆ ಅದನ್ನು ಕೊಟ್ಟರೆ ಯೂನಿಕೋಡ್ ಸಂಖ್ಯೆಯ ಪ್ರಕಾರ ಕನ್ನಡದ ಹೆಸರುಗಳೆಲ್ಲ ಮುಗಿದ ಮೇಲೆಯೇ ಮಲಯಾಳಂ ಹೆಸರುಗಳು ಶುರುವಾಗುತ್ತವೆ.

ಜಾಗ ಎಲ್ಲಿ ಹೋಗುತ್ತದೆ ಎಂಬುದನ್ನು ಕಣ್ಣಿಟ್ಟು ನೋಡುತ್ತಿರಬೇಕು. ಬರೀ ಸೆಲೆಕ್ಟ್ (ಓದುವ ಆದೇಶ) ಓಡಿಸಿದರೂ ಕ್ಲೋನ್ ಬೆಳೆಯಬಹುದು: ಮೊದಲ ಬಾರಿ ಓದಿದಾಗ ಸಾಲುಗಳ ಹಿಂಟ್ ಬಿಟ್‌ಗಳನ್ನು (ಆ ಸಾಲು ಬರೆದ ವ್ಯವಹಾರ ಪೂರ್ತಿಯಾಯಿತೇ ಎಂಬ ಸೂಚನೆ) ಪೋಸ್ಟ್‌ಗ್ರೆಸ್ ಪುಟದಲ್ಲಿ ಗುರುತು ಹಾಕುತ್ತದೆ, ಪುಟ ಬದಲಾದಂತಾಗುತ್ತದೆ. ಆಟೋವ್ಯಾಕ್ಯೂಮ್ ಕೂಡ ಬರೆಯುತ್ತದೆ. ವ್ಯಾಕ್ಯೂಮ್ ಫುಲ್ ಅಂತೂ ಟೇಬಲ್ಲನ್ನೇ ಹೊಸದಾಗಿ ಬರೆಯುತ್ತದೆ, ಕ್ಲೋನಿನಲ್ಲಿ ಅದು ಬೇಡ. ಇನ್ನು, ಯಾರೂ ಮುಟ್ಟದೆ ಮಲಗಿರುವ ಕ್ಲೋನಿಗೂ ಬೆಲೆ ಇದೆ. ಸ್ಟ್ಯಾಂಡ್‌ಬೈ ದಿನದಿನವೂ ಬದಲಾಗುತ್ತಿರುವಾಗ ಅದರ ಹಳೆಯ ಬ್ಲಾಕುಗಳನ್ನು ಸ್ನ್ಯಾಪ್‌ಶಾಟ್ ಬಿಡದೆ ಹಿಡಿದುಕೊಂಡಿರುತ್ತದೆ. ಆ ಲೆಕ್ಕ ಕ್ಲೋನಿನ ಹೆಸರಿನಲ್ಲಿ ಕಾಣದು, ಮೂಲ ಡೇಟಾಸೆಟ್ಟಿನ ಯೂಸ್ಡ್ ಬೈ ಸ್ನ್ಯಾಪ್‌ಶಾಟ್ಸ್ ಎಂಬಲ್ಲಿ ಕಾಣುತ್ತದೆ. ಪೂಲ್ (ಝಡ್‌ಎಫ್‌ಎಸ್‌ನ ಒಟ್ಟು ಡಿಸ್ಕ್ ಜಾಗ) 80 ಶೇಕಡಾ ದಾಟದಂತೆ ನೋಡಿಕೊಳ್ಳುತ್ತೇನೆ, ತುಂಬಿದ ಪೂಲಿನಲ್ಲಿ ಖಾಲಿ ಜಾಗ ಹುಡುಕುವುದರಲ್ಲೇ ಝಡ್‌ಎಫ್‌ಎಸ್ ಏದುಸಿರು ಬಿಡುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋಗಿ ಸ್ಟ್ಯಾಂಡ್‌ಬೈ ಯಂತ್ರ ಒಂದೆರಡು ದಿನ ನಿಂತರೆ ಏಟು ಬೀಳುವುದು ಪ್ರೈಮರಿಗೆ. ಸ್ಲಾಟಿನ ಕಾರಣ ಅದು ಡಬ್ಲ್ಯುಎಎಲ್ ಅಳಿಸದೆ ಪೇರಿಸುತ್ತ ಹೋಗಿ ಡಿಸ್ಕು ತುಂಬುತ್ತದೆ. ಮ್ಯಾಕ್ಸ್ ಸ್ಲಾಟ್ ಡಬ್ಲ್ಯುಎಎಲ್ ಕೀಪ್ ಸೈಜ್‌ಗೆ ಮಾಮೂಲಿಯಾಗಿ ಮಿತಿಯೇ ಇಲ್ಲ. ಪ್ರೈಮರಿಯಲ್ಲಿ ಅದನ್ನು 20 ಜಿಬಿಗೆ ಕಟ್ಟಿಹಾಕಿದ್ದೇನೆ. ಮೀರಿದರೆ ಸ್ಟ್ಯಾಂಡ್‌ಬೈಯನ್ನು ಹೊಸದಾಗಿ ಕಟ್ಟಬೇಕಾಗುತ್ತದೆ, ಬಿಲ್ಲಿನ ಕೌಂಟರು ನಿಲ್ಲುವುದಕ್ಕಿಂತ ಅದು ವಾಸಿ.

ಅಳಿಸುವಾಗ ಕ್ಲೋನ್ ಮೊದಲು, ಅದರ ಸ್ನ್ಯಾಪ್‌ಶಾಟ್ ಆಮೇಲೆ. ಕ್ಲೋನ್ ಇರುವಷ್ಟು ಹೊತ್ತು ಸ್ನ್ಯಾಪ್‌ಶಾಟ್ ಅಳಿಸಲು ಝಡ್‌ಎಫ್‌ಎಸ್ ಒಪ್ಪುವುದಿಲ್ಲ. ಬೇಸರಬಂದು ದೊಡ್ಡ ಆರ್ ಅಕ್ಷರದ ಆಯ್ಕೆ ಕೊಟ್ಟರೆ ಅದಕ್ಕೆ ಅಂಟಿಕೊಂಡ ಕ್ಲೋನುಗಳೆಲ್ಲ ಒಟ್ಟಿಗೆ ಹೋಗುತ್ತವೆ, ಇನ್ನೊಬ್ಬರು ಅರ್ಧ ಮಾಡಿಟ್ಟ ಕೆಲಸವೂ ಸೇರಿ. ನಾನು ಡೇಟಾಸೆಟ್ಟಿನ ಹೆಸರಿನಲ್ಲೇ ಆಳಿನ ಗುರುತೂ ತಾರೀಕೂ ಸೇರಿಸಿ, ಶನಿವಾರ ಸಂಜೆ ಒಂದೊಂದಾಗಿ ಒರಿಜಿನ್ (ಯಾವ ಸ್ನ್ಯಾಪ್‌ಶಾಟಿನಿಂದ ಹುಟ್ಟಿದ್ದು ಎಂಬುದು) ನೋಡಿ ತೆಗೆಯುತ್ತೇನೆ. ಸೋಮವಾರ ಬೆಳಗ್ಗೆ ಹೊಸ ಸ್ನ್ಯಾಪ್‌ಶಾಟಿನಿಂದ ಹೊಸ ಕ್ಲೋನ್.