ಮ್ಯಾಂಟಲ್ ಸೆಲ್ ಲಿಂಫೋಮಾ: ಮನೆಯವರು ಬಯಾಪ್ಸಿ ರಿಪೋರ್ಟ್ ಓದುವುದು ಹೇಗೆ?

ನಾನು ಮೈಸೂರಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬಯಾಪ್ಸಿ ತುಂಡನ್ನು ಮೇಣದಲ್ಲಿ ಕೂರಿಸಿ, ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ, ಬಣ್ಣ ಹಾಕಿ ಸ್ಲೈಡ್ ಮಾಡುವುದು ನನ್ನ 19 ವರ್ಷದ ಕೆಲಸ. ರೋಗ ಯಾವುದೆಂದು ಹೇಳುವವರು ಡಾಕ್ಟರು. ಆದರೆ ಅರಸೀಕೆರೆಯ ನನ್ನ ಸೋದರಮಾವನ ರಿಪೋರ್ಟ್ ಕೈಗೆ ಬಂದಾಗ, ಇದನ್ನು ಓದುವುದು ಮನೆಯವರಿಗೂ ಗೊತ್ತಿರಬೇಕು ಅನ್ನಿಸಿತು.

ಮಾವನ ಕುತ್ತಿಗೆಯಲ್ಲಿ ಗಂಟುಗಳಿದ್ದವು, ಅಂದರೆ ಊದಿಕೊಂಡ ದುಗ್ಧಗ್ರಂಥಿಗಳು. ಒಂದು ಕಡೆ ಸೂಜಿಯಲ್ಲಿ ಸಣ್ಣ ಚೂರು ತೆಗೆದು, 'ಸಣ್ಣ ಕಣಗಳ ಲಿಂಫೋಮಾ, ನಿಧಾನದ್ದು' ಅಂತ ಬರೆದು ಕೊಟ್ಟಿದ್ದರು. ಲಿಂಫೋಮಾ ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್. ನಾನು ಬಣ್ಣಗಳ ಪಟ್ಟಿ ನೋಡಿದೆ. ಕಣದಲ್ಲಿ ಯಾವ ಪ್ರೋಟೀನ್ ಇದೆ ಅಂತ ತೋರಿಸುವ ಬಣ್ಣಗಳು ಇವು. ಸಿಡಿ20 ಪಾಸಿಟಿವ್, ಸಿಡಿ5 ಪಾಸಿಟಿವ್. ಅಷ್ಟೇ. ಕಣ ಒಡೆದು ಎರಡಾಗುವಂತೆ ಮಾಡುವ ಪ್ರೋಟೀನ್ ಸೈಕ್ಲಿನ್ ಡಿ1, ಅದರ ಬಣ್ಣ ಮಾಡಿಯೇ ಇರಲಿಲ್ಲ. ನನ್ನ ಎದೆ ಧಸಕ್ಕೆಂದಿತು.

ಯಾಕೆ ಅಂದರೆ, ಸಿಡಿ20 ಮತ್ತು ಸಿಡಿ5 ಎರಡೂ ಪಾಸಿಟಿವ್ ಇರುವ ಮುಖ್ಯ ಕಾಯಿಲೆಗಳು ಎರಡು. ಒಂದು ಸಿಎಲ್ಎಲ್ ಅನ್ನುವ ರಕ್ತದ ಕ್ಯಾನ್ಸರ್. ಅದು ಬಹುತೇಕ ನಿಧಾನದ್ದು. ಇನ್ನೊಂದು ಮ್ಯಾಂಟಲ್ ಸೆಲ್. ಇದಕ್ಕೆ ಸಾಮಾನ್ಯವಾಗಿ ಬೇಗ ಚಿಕಿತ್ಸೆ ಬೇಕು. ಮೈಕ್ರೋಸ್ಕೋಪಿನಲ್ಲಿ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣಬಹುದು. ಸಿಎಲ್ಎಲ್‌ನಲ್ಲಿ ಸಾಮಾನ್ಯವಾಗಿ ಸಿಡಿ23 ಪಾಸಿಟಿವ್, ಸೈಕ್ಲಿನ್ ಡಿ1 ನೆಗೆಟಿವ್. ಮ್ಯಾಂಟಲ್‌ನಲ್ಲಿ ಸಾಮಾನ್ಯವಾಗಿ ಉಲ್ಟಾ. ಹಾಗಾಗಿ ರಿಪೋರ್ಟ್ ಸಿಕ್ಕ ಕೂಡಲೇ ಬೆರಳಿಟ್ಟು ಹುಡುಕಬೇಕಾದ ಪದ ಸೈಕ್ಲಿನ್ ಡಿ1. ಅದು ಇಲ್ಲದಿದ್ದರೆ, 'ಡಾಕ್ಟರೇ, ಇದೊಂದು ಮಾಡಿಸಬಹುದಾ?' ಅಂತ ಕೇಳಿ. ಸಂಕೋಚ ಬೇಡ.

ಪರೀಕ್ಷೆಗೆ ಏನು ಕಳಿಸಿದ್ದರು ಅಂತಲೂ ನೋಡಿ. ಸಾಧ್ಯವಿದ್ದರೆ ಇಡೀ ಗಂಟನ್ನೇ ತೆಗೆದು ಕಳಿಸುವುದು ಒಳ್ಳೆಯದು. ಗಂಟಿನೊಳಗೆ ದುಂಡು ದುಂಡಾದ ಗುಂಪುಗಳಿರುತ್ತವೆ. ನಡುವೆ ತಿಳಿ ಭಾಗ, ಅದರ ಸುತ್ತ ಬಳೆಯ ಹಾಗೆ ಗಾಢ ಭಾಗ. ಆ ಬಳೆಯೇ ಮ್ಯಾಂಟಲ್. ಅಲ್ಲಿನ ಬಿ ಕಣಗಳನ್ನು (ಆಂಟಿಬಾಡಿ ತಯಾರಿಸುವ ಬಗೆಯ ಬಿಳಿ ರಕ್ತಕಣಗಳು) ಹೋಲುವ ಕ್ಯಾನ್ಸರ್ ಆದ್ದರಿಂದ 1992ರಲ್ಲಿ ಈ ಹೆಸರು ಬಂತು. ಚೂರು ತೀರಾ ಚಿಕ್ಕದಾದರೆ ಈ ವಿನ್ಯಾಸ ಕಾಣುವುದಿಲ್ಲ. ಮಾವನಿಗೆ ಎರಡನೇ ಸಲ ಇಡೀ ಗಂಟು ತೆಗೆದರು. ಸೈಕ್ಲಿನ್ ಡಿ1 ಬಣ್ಣದಲ್ಲಿ ಕಣದ ನಡುವಿನ ನ್ಯೂಕ್ಲಿಯಸ್‌ಗಳು ಸಾಲುಸಾಲಾಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಅಂದರೆ ಪಾಸಿಟಿವ್, ಮ್ಯಾಂಟಲ್ ಸೆಲ್.

ಮುಂದಿನ ಪುಟದಲ್ಲಿ 'ಟಿ(11;14)' ಅಂತ ಇರುತ್ತದೆ. ಹೆದರಿಸುವ ಹಾಗಿದೆ, ಅಲ್ವಾ? ಅರ್ಥ ಸರಳ. 11ನೇ ಮತ್ತು 14ನೇ ಕ್ರೋಮೋಸೋಮಿನ ತುಂಡುಗಳು ಅದಲು ಬದಲಾಗಿವೆ. 14ರಲ್ಲಿ ಆಂಟಿಬಾಡಿ ತಯಾರಿಸುವ ಜೀನ್ ಇದೆ. ಬಿ ಕಣದಲ್ಲಿ ಅದು ಜೋರಾಗಿ ಕೆಲಸ ಮಾಡುತ್ತಲೇ ಇರುತ್ತದೆ. 11ರಲ್ಲಿದ್ದ, ಸೈಕ್ಲಿನ್ ಡಿ1 ತಯಾರಿಸುವ ಸಿಸಿಎನ್‌ಡಿ1 ಜೀನ್ ಅದರ ಪಕ್ಕಕ್ಕೆ ಬಂದು ಅಂಟಿಕೊಳ್ಳುತ್ತದೆ. ತೆಂಗಿನ ತೋಟದ ಮಾವನಿಗೆ ನಾನು ಹೇಳಿದ್ದು ಹೀಗೆ: 'ಪಕ್ಕದ ತೋಟದ ಮೋಟರು ನಿಲ್ಲೋದೇ ಇಲ್ಲ, ನಿಮ್ಮ ಪೈಪು ಅದಕ್ಕೆ ಸೇರಿಹೋಗಿದೆ ಅಂದ್ಕೊಳ್ಳಿ ಮಾವ.' ಆಗ ಸೈಕ್ಲಿನ್ ಡಿ1 ಜಾಸ್ತಿ ಆಗುತ್ತದೆ, ಕಣಗಳು ತಡೆಯಿಲ್ಲದೆ ಒಡೆದು ಎರಡಾಗುತ್ತಾ ಹೋಗುತ್ತವೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದ್ರೆ ನಮ್ಮ ಹುಡುಗರಿಗೂ ಬರುತ್ತೇನಮ್ಮ?' ಅಂದರು. ಜೀನ್ ಅನ್ನುವ ಪದ ಕಂಡ ಎಲ್ಲರಿಗೂ ಬರುವ ಭಯ ಇದು. ಈ ಅದಲು ಬದಲು ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಮೂಳೆ ಮಜ್ಜೆಯಲ್ಲಿ ಬೆಳೆಯುತ್ತಿದ್ದ ಯಾವುದೋ ಒಂದು ಬಿ ಕಣದಲ್ಲಿ ಆದ ತಪ್ಪು. ಇದನ್ನು ಹೇಳಿದ ಮೇಲೆ ಮಾವ ಊಟ ಮಾಡಿದರು.

ಈ ಅದಲು ಬದಲನ್ನು ಫಿಶ್ ಅನ್ನುವ, ಜೀನುಗಳಿಗೆ ಹೊಳೆಯುವ ಗುರುತು ಅಂಟಿಸುವ ಪರೀಕ್ಷೆಯಲ್ಲಿ ನೋಡುತ್ತಾರೆ. ಒಂದು ಜೀನಿಗೆ ಕೆಂಪು ದೀಪ, ಇನ್ನೊಂದಕ್ಕೆ ಹಸಿರು. ಎರಡೂ ಅಂಟಿಕೊಂಡಿದ್ದರೆ ಹಳದಿ ಕಾಣುತ್ತದೆ. ಕೆಲವೇ ಕೆಲವರಲ್ಲಿ ಸೈಕ್ಲಿನ್ ಡಿ1 ನೆಗೆಟಿವ್ ಇದ್ದೂ ಕಾಯಿಲೆ ಇದೇ ಆಗಿರಬಹುದು. ಆಗ ಸಾಕ್ಸ್11 ಅನ್ನುವ ಬಣ್ಣ ಕೈಹಿಡಿಯುತ್ತದೆ.

ಹೆಸರು ಖಚಿತವಾದ ಮೇಲೆ ಕಾಯಿಲೆಯ ವೇಗ ನೋಡಿ. ಕೆಐ-67 ಎಂದರೆ ನೂರರಲ್ಲಿ ಎಷ್ಟು ಕಣ ಬೆಳೆಯುವ ದಾರಿಯಲ್ಲಿವೆ ಅನ್ನುವ ಲೆಕ್ಕ. 30%ಕ್ಕಿಂತ ಕಡಿಮೆ ಇದ್ದರೆ ಸಮಾಧಾನ. 'ಬ್ಲಾಸ್ಟಾಯ್ಡ್' ಅಂತ ಬರೆದಿದ್ದರೆ ಅದು ಜೋರಿನ ಬಗೆ. ಸಾಕ್ಸ್11 ಇಲ್ಲದೆ, ಗಂಟುಗಳಿಲ್ಲದೆ, ರಕ್ತ ಮತ್ತು ಗುಲ್ಮದಲ್ಲಷ್ಟೇ ಇರುವ ನಿಧಾನದ ಬಗೆಯೂ ಒಂದಿದೆ. ಅಂಥವರಲ್ಲಿ ಕೆಲವರನ್ನು ಔಷಧಿ ಕೊಡದೆ ಬರೀ ಗಮನಿಸುತ್ತಾ ಹೋಗುತ್ತಾರೆ.

ಟಿಪಿ53 ಬಗ್ಗೆ ಚಿಕಿತ್ಸೆ ಶುರುವಾಗುವ ಮುಂಚೆಯೇ ಕೇಳಿ. 17ನೇ ಕ್ರೋಮೋಸೋಮಿನಲ್ಲಿರುವ ಈ ಜೀನ್ ಕೆಟ್ಟಿದ್ದರೆ ಮಾಮೂಲಿ ಕೀಮೋ ಸರಿಯಾಗಿ ಕೆಲಸ ಮಾಡುವುದಿಲ್ಲ, ಡಾಕ್ಟರು ಬೇರೆ ದಾರಿ ಯೋಚಿಸಬೇಕಾಗುತ್ತದೆ. ಫಿಶ್‌ನಲ್ಲಿ 17ನೇ ಕ್ರೋಮೋಸೋಮಿನ ತುಂಡು ಬಿದ್ದುಹೋಗಿದ್ದರೆ ಮಾತ್ರ ಗೊತ್ತಾಗುತ್ತದೆ. ಜೀನಿನೊಳಗಿನ ಸಣ್ಣ ಅಕ್ಷರದೋಷ ಕಾಣಲು ಸೀಕ್ವೆನ್ಸಿಂಗ್ ಬೇಕು. 'ಫಿಶ್ ನಾರ್ಮಲ್' ಅಂದ ಮಾತ್ರಕ್ಕೆ ಈ ಪ್ರಶ್ನೆ ಮುಗಿಯಲಿಲ್ಲ.

ಇನ್ನೊಂದು ಕಡೆ ತೋರಿಸಲು ಹೋಗುವಾಗ ರಿಪೋರ್ಟಿನ ಜೊತೆ ಸ್ಲೈಡ್ ಮತ್ತು ಮೇಣದ ಬ್ಲಾಕ್‌ಗಳನ್ನು ಲ್ಯಾಬಿನಲ್ಲಿ ಕೇಳಿ ತನ್ನಿ. ಹೊಸ ಪರೀಕ್ಷೆ ಮಾಡುವುದು ಆ ಬ್ಲಾಕ್‌ನಿಂದಲೇ. ಅದರ ಮೇಲಿನ ನಂಬರು ರಿಪೋರ್ಟಿನ ನಂಬರಿಗೆ ಹೊಂದುತ್ತದಾ ಅಂತ ಕೌಂಟರಿನಲ್ಲೇ ನೋಡಿಕೊಳ್ಳಿ. ಗಟ್ಟಿ ಡಬ್ಬಿಯಲ್ಲಿಟ್ಟು ಕೈಚೀಲದಲ್ಲಿ ತನ್ನಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.