ಹಾವಸೆಯೊಳಗಿನ ನೀರುಕರಡಿ: ನಾನು ಹುಡುಕುವ ರೀತಿ

ನೀರುಕರಡಿ (ಟಾರ್ಡಿಗ್ರೇಡ್) ಅಂದರೆ ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕಾದಷ್ಟು ಪುಟ್ಟ, ಎಂಟು ಕಾಲಿನ ಪ್ರಾಣಿ. ಅದಕ್ಕೆ ಸಾವೇ ಇಲ್ಲ ಅಂತ ಎಲ್ಲ ಕಡೆ ಓದುತ್ತೇವೆ. ಬಿಸಿ ಮಾಡಿ, ಹೆಪ್ಪುಗಟ್ಟಿಸಿ, ಬಾಹ್ಯಾಕಾಶಕ್ಕೇ ಕಳಿಸಿ, ಬದುಕುತ್ತದಂತೆ. ಇವನ್ನು ಹಾವಸೆಯಿಂದ ಹೊರಗೆ ತೆಗೆದು ನೋಡುವ ಹುಚ್ಚು ಹತ್ತಿಸಿಕೊಂಡ ನನಗೆ ಈ ಮಾತು ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಒಣಗಿದ ನೀರುಕರಡಿ ಗಟ್ಟಿ ಜೀವ, ಸರಿ. ಒದ್ದೆಯಾಗಿ ಓಡಾಡುವಾಗ ಅದರಷ್ಟು ನಾಜೂಕಿನದು ಕಮ್ಮಿ.

ಹುಡುಕುವುದು ಕಷ್ಟವೇನಲ್ಲ. ಕಲ್ಲು, ಗೋಡೆ, ಮರದ ತೊಗಟೆ ಮೇಲೆ ಮೆತ್ತೆಯಂತೆ ಬೆಳೆಯುವ ಹಾವಸೆ ಬೇಕು. ಜಾರುವ ಲೋಳೆ ಪಾಚಿ ಅಲ್ಲ, ಹತ್ತಿರದಿಂದ ನೋಡಿದರೆ ಪುಟ್ಟ ಪುಟ್ಟ ಎಲೆ ಕಾಣುವಂಥದ್ದು. ಸದಾ ನೀರು ಸುರಿಯುವ ಜಾಗಕ್ಕಿಂತ, ಮಳೆ ಬಂದಾಗ ನೆನೆದು ಬಿಸಿಲಿಗೆ ಒಣಗುವ ಜಾಗದ ಹಾವಸೆ ನನಗೆ ಹೆಚ್ಚು ಕೈ ಹಿಡಿದಿದೆ. ಬೆರಳ ತುದಿಯಷ್ಟು ಕಿತ್ತರೆ ಸಾಕು. ಇಡೀ ಮೆತ್ತೆ ಕೀಳಬೇಡಿ, ಅದು ಮತ್ತೆ ಬೆಳೆಯಲು ವರ್ಷಗಳೇ ಬೇಕಾಗಬಹುದು. ಕಿತ್ತದ್ದನ್ನು ಕಾಗದದ ಲಕೋಟೆಯಲ್ಲಿ ಹಾಕುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ಒಳಗೇ ಉಳಿದು ಬೂಸ್ಟು ಬರುತ್ತದೆ.

ಆಮೇಲೆ ಅಗಲವಾದ ಗಾಜಿನ ತಟ್ಟೆಯಲ್ಲಿ ಹಾವಸೆಯನ್ನು ತಲೆಕೆಳಗಾಗಿ ಇಟ್ಟು, ಮುಳುಗುವಷ್ಟು ಮಳೆನೀರು ಹಾಕಿ ರಾತ್ರಿಯಿಡೀ ಬಿಡುತ್ತೇನೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲಿ ಅಂತ ಒಂದು ದಿನ ತೆರೆದಿಡುವುದು ಒಳ್ಳೆಯದು. ಬೆಳಗ್ಗೆ ಹಾವಸೆಯನ್ನು ಅದೇ ತಟ್ಟೆಯ ಮೇಲೆ ಹಿಂಡಿ ತೆಗೆದುಬಿಡಿ. ತಳದಲ್ಲಿ ಕೂತ ಕಂದು ಕಸವೇ ನಮಗೆ ಬೇಕಾದದ್ದು.

ಸ್ಟೀರಿಯೋ ಮೈಕ್ರೋಸ್ಕೋಪ್ ಇದ್ದರೆ 20ರಿಂದ 40 ಪಟ್ಟು ಹಿಗ್ಗಿಸಿದರೆ ಸಾಕು. ಹೆಚ್ಚಿನ ನೀರುಕರಡಿಗಳು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ತಟ್ಟೆಯ ಕೆಳಗೆ ಕಪ್ಪು ಕಾಗದ ಹಾಸಿ, ಬೆಳಕನ್ನು ಪಕ್ಕದಿಂದ ಬಿಡಿ. ಕಪ್ಪು ಹಿನ್ನೆಲೆಯಲ್ಲಿ ಅವು ಬೆಳ್ಳಗೆ ಎದ್ದು ಕಾಣುತ್ತವೆ. ಶುರುವಿನಲ್ಲಿ ಕಣ್ಣಿಗೆ ಬೀಳುವುದು ಬೇರೆಯವರೇ. ಚಾವಟಿಯಂತೆ ಒದ್ದಾಡುವುದು ದುಂಡುಹುಳು. ತಲೆಯಲ್ಲಿ ಎರಡು ಚಕ್ರ ತಿರುಗಿದಂತೆ ಕಾಣುವುದು ರೋಟಿಫರ್. ಅದೂ ಒಣಗಿ ಮತ್ತೆ ಏಳುವ ಜೀವಿಯೇ. 1702ರಲ್ಲೇ ಹಾಲೆಂಡಿನ ಮೈಕ್ರೋಸ್ಕೋಪ್ ತಜ್ಞ ಲೇವನ್‌ಹುಕ್ ಚಾವಣಿಯ ಮಳೆನೀರು ಹರಿಯುವ ದೋಣಿಯ ಒಣ ಮಣ್ಣಿಗೆ ನೀರು ಹಾಕಿ ಇಂಥ ಜೀವಿಗಳು ಎದ್ದು ಓಡಾಡುವುದನ್ನು ನೋಡಿದ್ದರು.

ಇವುಗಳ ನಡುವೆ ನಿಧಾನವಾಗಿ, ಆತುರವೇ ಇಲ್ಲದೆ ಕಾಲಾಡಿಸುವ ಗುಂಡು ಮೈಯದು ಕಂಡರೆ, ಅದೇ. 1773ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಗೋಯ್ಜೆ ಇದನ್ನು ಪುಟ್ಟ ನೀರುಕರಡಿ ಅಂತ ಕರೆದದ್ದು ಸುಮ್ನೆ ಅಲ್ಲ.

ಡ್ರಾಪರ್‌ನಲ್ಲಿ ಒಂದನ್ನು ಎತ್ತಿ ಸ್ಲೈಡ್ ಮೇಲೆ ಬಿಟ್ಟು 100 ಪಟ್ಟಿನಲ್ಲಿ ನೋಡಿ. ಕಾಲು ನಾಲ್ಕು ಜೊತೆ, ತುದಿಯಲ್ಲಿ ಉಗುರು. ಮುಂದಿನ ಮೂರು ಜೊತೆ ನಡೆಯುತ್ತವೆ. ಹಿಂದಿನ ಜೊತೆ ಕಸದ ಚೂರನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಬರೀ ಗಾಜಿನ ಮೇಲೆ ಬಿಟ್ಟರೆ ಹಿಡಿಯಲು ಏನೂ ಸಿಗದೆ ಪಾಪ ಬಿದ್ದಲ್ಲೇ ಕಾಲು ಬಡಿಯುತ್ತದೆ, ಅದಕ್ಕೇ ನಾನು ಹಾವಸೆಯ ಒಂದು ಎಲೆಯನ್ನೂ ಜೊತೆಗೆ ಹಾಕುತ್ತೇನೆ. ಮೈ ಪಾರದರ್ಶಕ. ಹೊಟ್ಟೆಯಲ್ಲಿ ತಿಂದದ್ದರ ಹಸಿರು ಅಥವಾ ಕಂದು ಬಣ್ಣ ಕಾಣುತ್ತದೆ. ಅದೃಷ್ಟ ಇದ್ದರೆ ಕಳಚಿದ ಖಾಲಿ ಚರ್ಮ ಸಿಗುತ್ತದೆ, ಅದರ ಉಗುರುಗಳೂ ಹಾಗೇ ಇರುತ್ತವೆ, ಒಳಗೆ ದುಂಡು ಮೊಟ್ಟೆಗಳು. ಕೆಲವು ಜಾತಿಗಳು ತಾವು ಬಿಟ್ಟ ಚರ್ಮದಲ್ಲೇ ಮೊಟ್ಟೆ ಇಟ್ಟು ಹೋಗುತ್ತವೆ.

ಇನ್ನು ಒಣಗಿಸುವ ವಿಷಯ. ಇದನ್ನು ನೀವೇ ಮಾಡಿ ನೋಡಬೇಕು. ಕೆಲವನ್ನು ಗಾಜಿನ ಸ್ಲೈಡ್ ಮೇಲೆ ಒಂದು ಹನಿ ನೀರಲ್ಲಿ ಬಿಟ್ಟು ಹಾಗೇ ಒಣಗಲು ಬಿಡಿ. ಉಳಿದವನ್ನು ಒದ್ದೆ ಫಿಲ್ಟರ್ ಕಾಗದದ ಮೇಲಿಟ್ಟು, ಮುಚ್ಚಳ ಸ್ವಲ್ಪವೇ ತೆರೆದು, ನಿಧಾನವಾಗಿ ಒಣಗಿಸಿ. ನಾನು ಮಾಡಿದಾಗ ಗಾಜಿನ ಮೇಲಿನವು ಕಾಲು ಚಾಚಿ ಚಪ್ಪಟೆಯಾದವು. ನೀರು ಹಾಕಿದರೂ ಹೆಚ್ಚಿನವು ಏಳಲಿಲ್ಲ. ಕಾಗದದ ಮೇಲಿನವು ಕಾಲು, ತಲೆ ಒಳಗೆ ಎಳೆದುಕೊಂಡು ಪುಟ್ಟ ಪೀಪಾಯಿಗಳಾದವು. ನೀರು ತಾಗಿದಾಗ ಮೊದಲು ಮೈ ಉಬ್ಬಿತು, ಆಮೇಲೆ ಕಾಲು ಹೊರಬಂದವು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ನೋಡುವಾಗ ಒಂದು ಉಗುರು ಆಡುತ್ತಿತ್ತು.

ವ್ಯತ್ಯಾಸ ಇರುವುದು ಸಮಯದಲ್ಲಿ. ಪೀಪಾಯಿಯಾಗಲು ಪ್ರಾಣಿಗೆ ಹೊತ್ತು ಬೇಕು. ಹಲವು ಜಾತಿಗಳಲ್ಲಿ, ಒಣಗುವಾಗ ಜೀವಕೋಶಗಳನ್ನು ಕಾಪಾಡುವ ವಿಶೇಷ ಪ್ರೋಟೀನುಗಳಿವೆ ಅಂತ 2017ರ ಸಂಶೋಧನೆ ತೋರಿಸಿತು. ಪೂರ್ತಿ ಒಣಗಿದಾಗ ಮೈಯಲ್ಲಿ ನೀರು ಶೇಕಡಾ ಕೆಲವೇ ಅಂಶ ಉಳಿಯುತ್ತದೆ. ಉಸಿರಾಟ, ಜೀರ್ಣ ಎಲ್ಲ ನಿಂತೇಹೋದಂತೆ. 2007ರಲ್ಲಿ ಫೋಟಾನ್-ಎಂ3 ನೌಕೆಯಲ್ಲಿ ಹತ್ತು ದಿನ ಬಾಹ್ಯಾಕಾಶದ ನಿರ್ವಾತ ತಡೆದುಕೊಂಡವೂ ಹೀಗೆ ಒಣಗಿದವೇ. ಅದೇ ಪ್ರಾಣಿ ಒದ್ದೆಯಾಗಿದ್ದಾಗ? 2020ರ ಒಂದು ಅಧ್ಯಯನದಲ್ಲಿ 37 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಒಂದು ದಿನ ಇಟ್ಟರೆ ಅರ್ಧದಷ್ಟು ಸತ್ತುಹೋದವು. ನಮ್ಮ ಮೈಯ ಬಿಸಿಯಷ್ಟೇ ಅಲ್ವಾ! ಹಾಗಾಗಿ ತಟ್ಟೆಯನ್ನು ಬಿಸಿಲಲ್ಲಿ, ಬಿಸಿಯಾಗುವ ದೀಪದ ಕೆಳಗೆ ಇಡಬೇಡಿ. ಕೊಳೆತ ಹಾವಸೆಯನ್ನೂ ನೀರಲ್ಲಿ ಬಿಡಬೇಡಿ. ಆಮ್ಲಜನಕ ಕಮ್ಮಿಯಾದರೆ ನೀರುಕರಡಿಗಳು ಉಬ್ಬಿ, ಸೆಟೆದು, ಸತ್ತಂತೆ ಕಾಣುತ್ತವೆ. ಬೇಗ ಹೊಸ ನೀರು ಹಾಕಿದರೆ ಕೆಲವು ಚೇತರಿಸಿಕೊಳ್ಳುತ್ತವೆ.

120 ವರ್ಷ ಒಣಗಿದ್ದ ಹಾವಸೆಯಿಂದ ಎದ್ದು ಬಂತು ಅನ್ನುವ ಕಥೆಯೂ ಓಡಾಡುತ್ತಿದೆ. 1948ರ ಆ ವರದಿಯಲ್ಲಿ ಇದ್ದದ್ದು ಒಂದು ಪ್ರಾಣಿಯ ಕಾಲು ಸ್ವಲ್ಪ ನಡುಗಿದಂತೆ ಕಂಡದ್ದು, ಅಷ್ಟೇ. ಅದು ಎದ್ದು ನಡೆಯಲಿಲ್ಲ. ಅಂಟಾರ್ಕ್ಟಿಕಾದ ಹಾವಸೆಯದು ಬೇರೆ ಕಥೆ. 1983ರಲ್ಲಿ ಸಂಗ್ರಹಿಸಿ ಮೈನಸ್ 20 ಡಿಗ್ರಿಯಲ್ಲಿಟ್ಟಿದ್ದನ್ನು 2014ರಲ್ಲಿ ಜಪಾನಿನ ವಿಜ್ಞಾನಿಗಳು ನೆನೆಸಿದಾಗ ಒಂದು ಪ್ರಾಣಿ ಎದ್ದು, ಮೊಟ್ಟೆಯನ್ನೂ ಇಟ್ಟಿತು.

ನನ್ನ ಲಕೋಟೆಗಳು ಇರುವುದು ಸಾಮಾನ್ಯ ಕೋಣೆಯಲ್ಲಿ. ಹಳೆಯದಾದಷ್ಟೂ ಏಳುವವು ಕಮ್ಮಿಯಾಗುತ್ತಾ ಹೋಗುತ್ತವೆ. ಅದಕ್ಕೇ ಪ್ರತಿ ಲಕೋಟೆ ಮೇಲೆ ಕಿತ್ತ ದಿನ, ಬಿಸಿಲೋ ನೆರಳೋ, ಕಲ್ಲೋ ಮರವೋ ಅಂತ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಪೆನ್ನಿನ ಶಾಯಿ ಒದ್ದೆಯಾದರೆ ಹರಡಿಬಿಡುತ್ತದೆ.