ಎಂಟನೇ ಕ್ಲಾಸಿನ ನಂತರ ಮಗನನ್ನು ಮನೆಯಲ್ಲೇ ಓದಿಸಿದೆವು

ನಮ್ಮೂರಿಂದ ತೀರ್ಥಹಳ್ಳಿಗೆ 24 ಕಿಲೋಮೀಟರ್. ಮಗ ಬೆಳಿಗ್ಗೆ 7ಕ್ಕೆ ಬಸ್ ಹತ್ತಿದರೆ ಮನೆ ಸೇರುವಾಗ ಕತ್ತಲು. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲೇ ದಿನವಿಡೀ ಪಾಠ. ಭಿನ್ನರಾಶಿ ಅವನಿಗೆ ಅರ್ಥವಾಗುವ ಮೊದಲೇ ಬೀಜಗಣಿತ ಶುರುವಾಗಿತ್ತು. ಡೈರಿಯಲ್ಲಿ ‘ಗಮನ ಸಾಲದು’ ಅಂತ ಬರೆದು ಬರುತ್ತಿತ್ತು. ಎಂಟನೇ ಕ್ಲಾಸಿನ ಹೊತ್ತಿಗೆ ಅವನು ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದ. ನನಗೆ ಹೆದರಿಕೆಯಾಗಿದ್ದು ಅದಕ್ಕೆ, ಮಾರ್ಕ್ಸಿಗಲ್ಲ.

14 ತುಂಬಿದ ಮೇಲೆ ಎನ್‌ಐಓಎಸ್‌ನಲ್ಲಿ, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ, ಹತ್ತನೇ ತರಗತಿಗೆ ಹೆಸರು ಬರೆಸಿದೆವು. 5 ವಿಷಯ ಪಾಸಾಗಬೇಕು. ವರ್ಷಕ್ಕೆ 2 ಸಲ ಪರೀಕ್ಷೆ. ಎಲ್ಲವನ್ನೂ ಒಟ್ಟಿಗೆ ಬರೆಯಬೇಕಿಲ್ಲ, 5 ವರ್ಷದೊಳಗೆ ಒಂದೊಂದಾಗಿ ಮುಗಿಸಬಹುದು.

ಮೊದಲ ಒಂದೂವರೆ ತಿಂಗಳು ಅವನು ಪುಸ್ತಕ ಮುಟ್ಟಲಿಲ್ಲ. ನಾನು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಜಗಳ ಜಾಸ್ತಿಯಾಯ್ತು. ಒಂದು ದಿನ ಹೆಂಡತಿ ಅದನ್ನು ಕಿತ್ತು ಒಲೆಗೆ ಹಾಕಿದಳು. ಅವಳು ಮಾಡಿದ್ದೇ ಸರಿ.

ಮಳೆಗೆ ಮುಂಚೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಕೆಲಸ ಬಂತು. ಆ ಔಷಧಿಗೆ ಬೋರ್ಡೋ ಅಂತಾರೆ. 100 ಲೀಟರ್ ಬೋರ್ಡೋಗೆ 1 ಕೆಜಿ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಮತ್ತೆ 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಸಂಜೆ ಕೊನೆಯ ಸಾಲಿಗೆ 35 ಲೀಟರ್ ಸಾಕಿತ್ತು. ‘ಹಾಗಾದ್ರೆ ತುತ್ತ 350 ಗ್ರಾಂ ಅಲ್ವಾ ಅಪ್ಪಯ್ಯ?’ ಅಂದ. ಭಿನ್ನರಾಶಿ ಬರುವುದಿಲ್ಲ ಎನ್ನಿಸಿಕೊಂಡ ಹುಡುಗ!

ಮಿಶ್ರಣ ಹದವಾಗಿದೆಯಾ ಅಂತ ನಾವು ಚಾಕು ಅದ್ದಿ ನೋಡುತ್ತೇವೆ. ಅಲಗು ಕೆಂಪಗಾದರೆ ಸುಣ್ಣ ಸಾಲದು. ‘ಯಾಕೆ ಕೆಂಪಾಗುತ್ತೆ?’ ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ರಾತ್ರಿ ಇಬ್ಬರೂ ವಿಜ್ಞಾನದ ಪುಸ್ತಕ ಹುಡುಕಿದೆವು. ತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಅದರ ಮೇಲೆ ತಾಮ್ರ ಕೂರುವ ಪ್ರಯೋಗ ಅಲ್ಲೇ ಇತ್ತು. ಒಂದೇ ಪಾಠಕ್ಕೆ ಒಂದು ವಾರ ಹಿಡಿಯಿತು. ಹಿಡಿಯಲಿ ಬಿಡಿ, ಯಾರೂ ಗಂಟೆ ಹೊಡೆಯಲಿಲ್ಲ.

ಕಷ್ಟವಾಗಿದ್ದು ಒಂಟಿತನ. ಸಂಜೆ ಊರ ಹುಡುಗರ ಜೊತೆ ವಾಲಿಬಾಲ್, ಪಂಚಾಯ್ತಿ ಲೈಬ್ರರಿ, ಇಷ್ಟು ಮಾಡಿದೆವು. ಸಾಲಲಿಲ್ಲ. ಕ್ಲಾಸಿನ ಗೆಳೆಯರನ್ನು ಅವನು ಇವತ್ತಿಗೂ ನೆನೆಯುತ್ತಾನೆ.

ನಾವಿಬ್ಬರೂ ಮನೆಯಲ್ಲೇ ಇರುವವರು, ಅದಕ್ಕೇ ಇದು ಆಯ್ತು. ಕೂಲಿಗೆ ಹೋಗುವವರಿಗೆ ಹೀಗೆ ಮಾಡಿ ಅಂತ ನಾನು ಹೇಳಲಾರೆ. ಶಾಲೆಯೇ ಸ್ವಲ್ಪ ಸಡಿಲವಾಗಬೇಕು. ಅದು ನಮಗೆ ಹೊಸದೂ ಅಲ್ಲ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಇದೆಯಲ್ಲ, ಅದರಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗಕ್ಕೆ ಮೆಟ್ಟಿಲು ಹತ್ತುತ್ತಾರೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಅದು ಯಾಕೆ ನಿಲ್ಲಬೇಕು?

ಮಗ ಮೊದಲ ಸಲ ಕನ್ನಡ, ವಿಜ್ಞಾನ ಎರಡೇ ಬರೆದು ಪಾಸಾದ. ಆಮೇಲೆ ಇನ್ನೆರಡು ಮುಗಿಸಿದ. ಗಣಿತದ ಬದಲು ಬೇರೆ ವಿಷಯ ತಗೋಬಹುದಿತ್ತು, ಬೇಡ ಅಂದ. ಅಡಿಕೆ ಕೊಯ್ಲು ಮುಗಿದ ಮೇಲೆ ಓದಲು ಕೂರುತ್ತಾನಂತೆ.